ರಾಮದೇವರಬೆಟ್ಟದ ರಣಹದ್ದುಗಳೆಲ್ಲ ಒಂದೇ ಮನೆಯವಾದರೆ?

ಓದುಗರ ಪ್ರಶ್ನೆ: "ಮೇಡಂ, ನಮಸ್ಕಾರ. ಹತ್ತು ಹನ್ನೆರಡು ವರ್ಷದಿಂದ ಬಿಡುವಾದಾಗಲೆಲ್ಲ ಬೈನಾಕ್ಯುಲರ್ ಹಿಡಿದು ರಾಮನಗರದ ಬೆಟ್ಟಗಳ ಕಡೆ ಹೋಗುತ್ತಿರುತ್ತೇನೆ. ಮೊದಲು ಬಂಡೆಯ ಮೇಲೆ ಸಾಲಾಗಿ ಕೂತಿರುತ್ತಿದ್ದ ಉದ್ದ ಕೊಕ್ಕಿನ ರಣಹದ್ದುಗಳು ಈಗ ಬೆರಳೆಣಿಕೆಯಷ್ಟು. ಕಳೆದ ಸಲ ಒಂದು ಜೋಡಿ ಬಂಡೆಯ ಸಂದಿನಲ್ಲಿ ಕಾವಿಗೆ ಕೂತಿದ್ದು ನೋಡಿದೆ. ಎರಡು ತಿಂಗಳು ದಾಟಿದರೂ ಮರಿ ಕಾಣಲಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು, 'ಉಳಿದಿರೋದೆಲ್ಲ ಒಂದೇ ಸಂಸಾರ, ಅಣ್ಣ-ತಂಗಿಯರೇ ಜೋಡಿ ಆಗಿವೆ, ರಕ್ತ ಕೆಟ್ಟಿದೆ. ಐವತ್ತಕ್ಕಿಂತ ಕಮ್ಮಿ ಆದಮೇಲೆ ಯಾವ ಪ್ರಾಣಿಯೂ ಉಳಿಯಲ್ಲ' ಅಂದರು. ಹಾಗಾದ್ರೆ ಮಧ್ಯಪ್ರದೇಶದಿಂದಲೋ ಹರಿಯಾಣದ ಪಿಂಜೋರಿನ ರಣಹದ್ದು ಸಾಕಣೆ ಕೇಂದ್ರದಿಂದಲೋ ನಾಲ್ಕು ಹದ್ದು ತಂದು ಬಿಟ್ಟರೆ ಆಗಲ್ವಾ ಅಂತ ಕೇಳಿದೆ. ಇನ್ನೊಬ್ಬರು, 'ಅವು ಬೇರೆ ತಳಿ, ಬೆರಕೆ ಆದ್ರೆ ನಮ್ಮದೂ ಹೋಗುತ್ತೆ' ಅಂದರು. ಯಾವುದು ಸರಿ? ನಾವು ಸುಮ್ನೆ ನೋಡುತ್ತಾ ಕೂರಬೇಕಾ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ಭಯ ಒಟ್ಟಿಗೆ ಸೇರಿಕೊಂಡಿವೆ. ಮೊಟ್ಟೆ ಒಡೆಯಲಿಲ್ಲ ಅನ್ನುವುದು ಒಂದು. ಉಳಿದ ಹದ್ದುಗಳೆಲ್ಲ ಹತ್ತಿರದ ನೆಂಟರಾಗಿಬಿಟ್ಟಿರಬಹುದು ಅನ್ನುವುದು ಇನ್ನೊಂದು. ಹೊರಗಿನಿಂದ ತಂದರೆ ಇನ್ನೂ ಕೆಡಬಹುದು ಅನ್ನುವುದು ಮೂರನೆಯದು. ಮೂರಕ್ಕೂ ಒಂದೇ ಉತ್ತರ ಇಲ್ಲ, ಬಿಡಿಸಿ ಹೇಳುತ್ತೇನೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ರಣಹದ್ದುಗಳು ಕಡಿಮೆಯಾಗಿದ್ದು ರಕ್ತ ಕೆಟ್ಟಿದ್ದರಿಂದ ಅಲ್ಲ, ವಿಷದಿಂದ. ದನಗಳಿಗೆ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದು ಸತ್ತ ದನದ ಮಾಂಸದಲ್ಲಿ ಉಳಿದುಕೊಳ್ಳುತ್ತಿತ್ತು. ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲವೇ ದಿನದಲ್ಲಿ ಕೈಕೊಡುತ್ತಿತ್ತು. ಅಂಥ ಹದ್ದಿನ ಹೊಟ್ಟೆ ಬಿಚ್ಚಿ ನೋಡಿದರೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಎರಚಿದ ಹಾಗೆ ಬಿಳಿ ಪುಡಿ ಕೂತಿರುತ್ತದೆ. ಅದು ಯೂರಿಕ್ ಆಮ್ಲದ ಹರಳು. 1992ರಿಂದ 2007ರ ಒಳಗೆ ಭಾರತದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಸುಮಾರು 97 ಶೇಕಡಾ ಕಡಿಮೆಯಾದವು. ಬಿಳಿ ಬೆನ್ನಿನವು 99.9 ಶೇಕಡಾ. ದನದ ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ. ಯಾಕೆ ಅಂದರೆ ಒಂದು ಹೆಣಕ್ಕೆ ಹತ್ತಾರು ಹದ್ದು ಒಟ್ಟಿಗೆ ಇಳಿಯುತ್ತವೆ.

ಜೀನ್ ತೊಂದರೆ ಅಂತ ಏನಾದರೂ ಇದ್ದರೆ ಅದು ಈ ಕುಸಿತ ಆದಮೇಲೆ ಬರುವಂಥದ್ದು, ಅದಕ್ಕೆ ಮೊದಲೇ ಇದ್ದದ್ದಲ್ಲ. ಈ ಕ್ರಮ ತಲೆಕೆಳಗಾದರೆ ಮದ್ದೂ ತಲೆಕೆಳಗಾಗುತ್ತದೆ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮೊಟ್ಟೆಯ ವಿಷಯ. ಈ ಹದ್ದುಗಳು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕಾವು ಸುಮಾರು 50ರಿಂದ 55 ದಿನ. ಅದು ಒಡೆಯದೆ ಹೋಗಲು ಹತ್ತು ಕಾರಣ ಇರಬಹುದು. ಜೋಡಿ ಮೊದಲ ಸಲ ಮೊಟ್ಟೆ ಇಟ್ಟಿರಬಹುದು, ಇವು ಐದು ವರ್ಷದ ಹೊತ್ತಿಗೆ ಪ್ರಾಯಕ್ಕೆ ಬಂದರೂ ಮೊದಲ ಪ್ರಯತ್ನದಲ್ಲಿ ಸೋಲುವುದು ಜಾಸ್ತಿ. ಬಂಡೆ ಹತ್ತುವವರ, ಡ್ರೋನ್ ಹಾರಿಸುವವರ ಗಲಾಟೆಗೆ ಎದ್ದು ಹೋಗಿ, ಮೊಟ್ಟೆ ಬಿಸಿಲಿಗೆ ಬೆಂದಿರಬಹುದು. ಹೊಟ್ಟೆಗೆ ಸಾಕಷ್ಟು ಸಿಗದೆ ಒಂದು ಹದ್ದು ತುಂಬಾ ಹೊತ್ತು ಗೂಡಿನಿಂದ ದೂರ ಉಳಿದಿರಬಹುದು. ಮೊಟ್ಟೆಗೆ ಗಂಡಿನ ಬೀಜವೇ ಸೇರಿರಲಿಕ್ಕಿಲ್ಲ. ಇವೆಲ್ಲ ಅಲ್ಲ ಅಂತ ಆದಮೇಲೆ ಜೀನ್ ಕಡೆ ಬೆರಳು ತೋರಿಸಬೇಕು. ಒಂದು ವರ್ಷ, ಒಂದು ಗೂಡು, ಒಂದು ಮೊಟ್ಟೆ ನೋಡಿ ರಕ್ತ ಕೆಟ್ಟಿದೆ ಅನ್ನುವುದು ಆತುರದ ಮಾತು. ಇನ್ನೊಂದು ಗಮನಿಸಿ: ಸತ್ತ ಮೊಟ್ಟೆಯ ಮೇಲೂ ಹಕ್ಕಿಗಳು ವಾರಗಟ್ಟಲೆ ಕಾವು ಕೂರುತ್ತವೆ. ಹಾಗಾಗಿ ನೀವು ಎರಡು ತಿಂಗಳು ನೋಡಿದ್ದು ನಿಜವಾಗಿ ನಡೆಯುವಂಥದ್ದೇ.

ಹಾಗಂತ ಹತ್ತಿರದ ಸಂಬಂಧದ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದು ನಿಜವಾದ ತೊಂದರೆ. ನಮ್ಮಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ಮದುವೆಯಾಗುವ ರೂಢಿ ಇರುವುದರಿಂದ ಇದನ್ನು ವಿವರಿಸುವುದು ಸುಲಭ. ಪ್ರತಿ ಜೀನಿನಲ್ಲೂ ನಮಗೆ ಎರಡು ಪ್ರತಿ ಇರುತ್ತವೆ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟ ಪ್ರತಿಗಳು ಇದ್ದೇ ಇರುತ್ತವೆ. ಜೊತೆಯಲ್ಲಿ ಒಂದು ಒಳ್ಳೆಯ ಪ್ರತಿ ಇರುವವರೆಗೆ ಅದು ಸದ್ದಿಲ್ಲದೆ ಅಡಗಿರುತ್ತದೆ. ಹತ್ತಿರದ ನೆಂಟರು ಸೇರಿದಾಗ ಒಬ್ಬರೇ ಅಜ್ಜನಿಂದ ಬಂದ ಅದೇ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಮಗುವಿಗೆ ಬರುವ ಸಾಧ್ಯತೆ ಏರುತ್ತದೆ. ಅಕ್ಕನ ಮಗಳನ್ನು ಮದುವೆಯಾದವರ ಮಗುವಿನಲ್ಲಿ ಜೀನುಗಳ ಎಂಟನೇ ಒಂದು ಪಾಲು ಹೀಗೆ ಒಂದೇ ಮೂಲದ ಜೋಡಿಯಾಗಬಹುದು. ಅಣ್ಣ-ತಂಗಿ ಆದರೆ ನಾಲ್ಕನೇ ಒಂದು ಪಾಲು. ಹಾಗಿದ್ದರೂ ಹುಟ್ಟುವ ಎಲ್ಲ ಮರಿಗಳೂ ಸಾಯುತ್ತವೆ ಅಂತ ಅಲ್ಲ. ಸೋಲುವ ಮೊಟ್ಟೆಗಳ ಲೆಕ್ಕ ಏರುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಅಷ್ಟೇ ಸಾಕು ಹೊಡೆತ ಬೀಳೋದಕ್ಕೆ.

ಇದಕ್ಕೆ ಕಣ್ಣೆದುರಿನ ಉದಾಹರಣೆ ಕ್ಯಾಲಿಫೋರ್ನಿಯಾ ಕಾಂಡರ್. ಅದೂ ಹೆಣ ತಿನ್ನುವ ದೊಡ್ಡ ಹಕ್ಕಿ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ತಂದರು, ಆಗ ಒಟ್ಟು 27. ಇವತ್ತಿರುವ ಕಾಂಡರ್‌ಗಳೆಲ್ಲ 14 ಮೂಲ ಹಕ್ಕಿಗಳ ಸಂತಾನ. ಸಾಕಿ ಮರಿ ಮಾಡಿಸುವಾಗ ಕೆಲವು ಮೊಟ್ಟೆಗಳಲ್ಲಿ ಕೈಕಾಲಿನ ಮೂಳೆ ಮೊಟಕಾದ, ಬದುಕಲಾರದ ಮರಿಗಳು ಕಂಡವು. ಅಡಗಿದ್ದ ಒಂದು ಕೆಟ್ಟ ಜೀನ್ ಎರಡು ಕಡೆಯಿಂದಲೂ ಬಂದದ್ದೇ ಕಾರಣ. ಆಗ ಅಲ್ಲಿನವರು ಆ ಜೀನ್ ಹೊತ್ತ ಹಕ್ಕಿಗಳನ್ನೆಲ್ಲ ಹೊರಗೆ ಹಾಕಲಿಲ್ಲ, ಹಾಕಿದ್ದರೆ ಅವುಗಳ ಜೊತೆ ಇದ್ದ ಬೇರೆ ಒಳ್ಳೆಯ ಜೀನುಗಳೂ ಹೋಗುತ್ತಿದ್ದವು. ಅಂಥ ಎರಡು ಹಕ್ಕಿ ಜೋಡಿಯಾಗದ ಹಾಗೆ ನೋಡಿಕೊಂಡರು, ಅಷ್ಟೇ. ಈಗ ಕಾಂಡರ್‌ಗಳು ಕಾಡು, ಸಾಕಣೆ ಕೇಂದ್ರ ಎರಡೂ ಸೇರಿ 500 ದಾಟಿವೆ. ಇದೇ ಹಕ್ಕಿಗಳ ಡಿಎನ್‌ಎ ದಾಖಲೆ ತಿರುವಿ ಹಾಕುವಾಗ 2021ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಎರಡು ಮರಿಗಳಿಗೆ ಅಪ್ಪನೇ ಇರಲಿಲ್ಲ, ಗಂಡು ಜೊತೆಯಲ್ಲೇ ಇದ್ದರೂ ಹೆಣ್ಣು ತಾನೊಂದೇ ಮರಿ ಮಾಡಿತ್ತು. ನಿಮ್ಮ ಪ್ರಶ್ನೆಗೆ ನೇರ ಸಂಬಂಧ ಇಲ್ಲದಿದ್ದರೂ, ಪ್ರತಿ ಹಕ್ಕಿಯ ಲೆಕ್ಕ ಇಟ್ಟರೆ ಏನೆಲ್ಲ ತಿಳಿಯುತ್ತದೆ ಅನ್ನುವುದಕ್ಕೆ ಇದನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

'ಐವತ್ತಕ್ಕಿಂತ ಕಮ್ಮಿ ಆದರೆ ಮುಗೀತು' ಅನ್ನುವ ಮಾತಿಗೆ ಬರೋಣ. ಅದು ಪೂರ್ತಿ ಗಾಳಿಮಾತಲ್ಲ, ಆದರೆ ಅರ್ಧ ತಿರುಚಿಕೊಂಡಿದೆ. 1980ರಲ್ಲಿ ಇಯಾನ್ ಫ್ರಾಂಕ್ಲಿನ್ ಅನ್ನುವ ತಳಿವಿಜ್ಞಾನಿ ಒಂದು ಅಂದಾಜು ಕೊಟ್ಟರು. ಸದ್ಯಕ್ಕೆ ಒಳಸಂಬಂಧದ ಹಾನಿ ಮಿತಿಯಲ್ಲಿರಬೇಕಾದರೆ 50, ದೂರದ ಕಾಲಕ್ಕೂ ಬದಲಾವಣೆಗೆ ಹೊಂದಿಕೊಳ್ಳುವ ಶಕ್ತಿ ಉಳಿಯಬೇಕಾದರೆ 500. ಆಮೇಲೆ 2014ರಲ್ಲಿ ಬೇರೆ ವಿಜ್ಞಾನಿಗಳು ಇದೂ ಸಾಲದು, 100 ಮತ್ತು 1000 ಬೇಕು ಅಂದರು. ಆದರೆ ಇವು ತಲೆ ಎಣಿಸಿದ ಸಂಖ್ಯೆಯಲ್ಲ. ಮುಂದಿನ ಪೀಳಿಗೆಗೆ ನಿಜವಾಗಿ ತಮ್ಮ ಜೀನ್ ದಾಟಿಸುವ ಹಕ್ಕಿಗಳ ಸಂಖ್ಯೆ. ಬಂಡೆಯ ಮೇಲೆ ಇಪ್ಪತ್ತು ಹದ್ದು ಕೂತಿದ್ದು, ಅದರಲ್ಲಿ ಮರಿ ಮಾಡುವುದು ಮೂರೇ ಜೋಡಿ ಆದರೆ, ಲೆಕ್ಕಕ್ಕೆ ಬರುವುದು ಆರರ ಆಸುಪಾಸು. ಇನ್ನೊಂದು, ಈ ಸಂಖ್ಯೆಗಳು ಎಚ್ಚರಿಕೆಯ ಗೆರೆ, ಸಾವಿನ ಗೆರೆ ಅಲ್ಲ. ಅದರ ಕೆಳಗೆ ಹೋದ ದಿನ ಯಾವ ಜಾತಿಯೂ ಸಾಯುವುದಿಲ್ಲ. ಮಾರಿಷಸ್ ದ್ವೀಪದ ಚಾಣ ಅನ್ನುವ ಸಣ್ಣ ಬೇಟೆಹಕ್ಕಿ 1974ರಲ್ಲಿ ಕಾಡಿನಲ್ಲಿ ನಾಲ್ಕೇ ನಾಲ್ಕು ಇದ್ದವು. ಈಗಿರುವವು ಹೆಚ್ಚುಕಡಿಮೆ ಒಂದೇ ಜೋಡಿಯ ಸಂತಾನ. ಮ್ಯೂಸಿಯಮ್ಮಿನ ಹಳೆಯ ಚರ್ಮಗಳ ಡಿಎನ್‌ಎ ಜೊತೆ ಹೋಲಿಸಿದಾಗ ಅರ್ಧಕ್ಕಿಂತ ಜಾಸ್ತಿ ವೈವಿಧ್ಯ ಕಳೆದುಹೋಗಿತ್ತು. ಆದರೂ ಅವು ನೂರಾರಾಗಿ ಬೆಳೆದವು.

ಈ ಚಾಣದ ಕತೆ ಕೇಳಿ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಅಷ್ಟು ಸಮಾಧಾನ ಇಲ್ಲ. ಚಾಣ ಒಂದೆರಡು ವರ್ಷಕ್ಕೇ ಪ್ರಾಯಕ್ಕೆ ಬರುತ್ತದೆ, ಒಂದು ಸಲಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಹಾಗಾಗಿ ಇಕ್ಕಟ್ಟಿನಿಂದ ಬೇಗ ಹೊರಗೆ ಬಂತು. ರಣಹದ್ದಿಗೆ ಆ ವೇಗ ಇಲ್ಲ. ಸಣ್ಣ ಸಂಖ್ಯೆಗೆ ಇಳಿಯುವುದಕ್ಕಿಂತ, ಸಣ್ಣ ಸಂಖ್ಯೆಯಲ್ಲೇ ತುಂಬಾ ಪೀಳಿಗೆ ಉಳಿದುಬಿಡುವುದು ಹೆಚ್ಚು ಅಪಾಯ.

ಆದರೆ ಇದೇ ನಿಧಾನ ನಮಗೆ ಒಂದು ಉಪಕಾರವನ್ನೂ ಮಾಡಿದೆ. ಲೆಕ್ಕ ನೋಡಿ. ಮರಿ ಮಾಡುವ ಹತ್ತು ಹದ್ದು ಇದ್ದರೆ, ಒಂದು ಪೀಳಿಗೆಗೆ ಜೀನ್ ವೈವಿಧ್ಯದಲ್ಲಿ ಕಳೆದುಹೋಗುವುದು ನೂರಕ್ಕೆ ಐದು ಪಾಲು. ಒಂದು ಪೀಳಿಗೆ ಅಂದರೆ ಇವುಗಳಲ್ಲಿ ಸುಮಾರು ಹತ್ತು ವರ್ಷ ಅಂತ ಇಟ್ಟುಕೊಳ್ಳಿ. 1990ರ ದಶಕದಿಂದ ಈಚೆಗೆ ಆಗಿರುವುದು ಮೂರು ಪೀಳಿಗೆ. ಅಂದರೆ ಹತ್ತೇ ಹದ್ದು ಉಳಿದ ಒಂದು ಒಂಟಿ ಗುಂಪಿನಲ್ಲೂ ಈವರೆಗೆ ಹೋಗಿರುವುದು ಹದಿನಾಲ್ಕು ಶೇಕಡಾದ ಹತ್ತಿರ, ಉಳಿದದ್ದು ಇನ್ನೂ ಆ ಹಕ್ಕಿಗಳ ಮೈಯಲ್ಲೇ ಇದೆ. ಯುರೋಪಿನ ಬಿಳಿ ಬಾಲದ ಹದ್ದುಗಳಲ್ಲಿ ಇದೇ ಕಂಡಿತು. ಬೇಟೆ ಮತ್ತು ಡಿಡಿಟಿ ಕೀಟನಾಶಕದಿಂದ ತೀರಾ ಇಳಿದುಹೋಗಿದ್ದರೂ ಅವು ತಮ್ಮ ವೈವಿಧ್ಯದ ದೊಡ್ಡ ಪಾಲನ್ನು ಉಳಿಸಿಕೊಂಡಿದ್ದವು. ದೀರ್ಘಾಯುಸ್ಸೇ ಅವುಗಳ ಉಗ್ರಾಣ. ಹಾಗಾಗಿ ನಿಮ್ಮ ಬಂಡೆಯ ಮೇಲೆ ಕೂತಿರುವ ಆ ಮುದಿ ಹದ್ದು ಬರೀ ಒಂದು ಹದ್ದಲ್ಲ. ಕುಸಿತಕ್ಕೆ ಮುಂಚಿನ ದೊಡ್ಡ ಸಮುದಾಯದ ಜೀನುಗಳನ್ನು ಅದು ಇವತ್ತಿಗೂ ಹೊತ್ತುಕೊಂಡಿರಬಹುದು. ಅದು ಮರಿ ಮಾಡದೆ ಸತ್ತರೆ ಮಾತ್ರ ಅವು ಹೋದ ಹಾಗೆ.

ಇನ್ನು 'ಉತ್ತರದವು ಬೇರೆ ತಳಿ' ಅನ್ನುವ ಮಾತು. ಹಕ್ಕಿಗಳ ಡಿಎನ್‌ಎ ಓದುವ ನನ್ನ ಕೆಲಸದ ಹೃದಯ ಇದೇ ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಜಾತಿಯ ಹಕ್ಕಿಗಳು ಒಂದೇ ದೊಡ್ಡ ಕೂಟವಾಗಿ ಬೆರೆತಿವೆಯೋ, ಊರೂರಿಗೆ ಬೇರೆಬೇರೆ ಗುಂಪಾಗಿವೆಯೋ ಅನ್ನುವುದನ್ನು ನಾವು ಪಾಪ್ಯುಲೇಷನ್ ಸ್ಟ್ರಕ್ಚರ್ ಅನ್ನುತ್ತೇವೆ. ಕಪ್ಪೆಯೋ ಹಲ್ಲಿಯೋ ಆದರೆ ಒಂದು ಬೆಟ್ಟದಿಂದ ಇನ್ನೊಂದಕ್ಕೇ ವ್ಯತ್ಯಾಸ ಇರಬಹುದು. ರಣಹದ್ದು ಹಾಗಲ್ಲ. ಬಿಸಿಗಾಳಿ ಏರಿತು ಅಂದರೆ ರೆಕ್ಕೆ ಬಡಿಯದೆ ಒಂದೇ ದಿನದಲ್ಲಿ ನೂರು ಕಿಲೋಮೀಟರ್ ದಾಟಬಲ್ಲದು. ಪ್ರಾಯಕ್ಕೆ ಬರುವ ಮೊದಲ ನಾಲ್ಕೈದು ವರ್ಷ ಅವು ಅಲೆಮಾರಿಗಳು. 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಲ್ಲಿ ಬಿಟ್ಟ ಒಂದು ಸಾಕಿದ ರಣಹದ್ದು ಕೆಲವೇ ತಿಂಗಳಲ್ಲಿ ರಾಜ್ಯ ರಾಜ್ಯ ದಾಟಿ ತಮಿಳುನಾಡು ಮುಟ್ಟಿತ್ತು. ಆಫ್ರಿಕಾದ ಕೇಪ್ ರಣಹದ್ದುಗಳು ಇವುಗಳ ಹತ್ತಿರದ ನೆಂಟರು, ಬಂಡೆಯ ಮೇಲೇ ಗೂಡು ಮಾಡುವಂಥವು. ಅವುಗಳ ಡಿಎನ್‌ಎ ನೋಡಿದಾಗಲೂ ಗುಂಪು ಗುಂಪಿನ ನಡುವೆ ವ್ಯತ್ಯಾಸ ತೀರಾ ತೆಳು. ರಣಹದ್ದುಗಳಿರುವ ಬಂಡೀಪುರ, ತಮಿಳುನಾಡಿನ ಮೋಯಾರ್ ಕಣಿವೆ ರಾಮನಗರದಿಂದ ನೇರ ಹಾರಿದರೆ 150 ಕಿ.ಮೀ. ಒಳಗೇ ಇದೆ. ಹದ್ದಿಗೆ ಅದು ದೂರವೇ ಅಲ್ಲ.

ಹಾಗಾದರೆ 'ಬೇರೆ ತಳಿ' ಅನ್ನುವುದು ಎಲ್ಲಿಂದ ಬಂತು? ಒಂದು ಕಾರಣ ನಿಜವಾದದ್ದು. ಸುಮಾರು 2001ರವರೆಗೂ ಉದ್ದ ಕೊಕ್ಕಿನ ರಣಹದ್ದು ಅಂತ ಕರೆಯುತ್ತಿದ್ದುದರಲ್ಲಿ ಎರಡು ಜಾತಿ ಸೇರಿಹೋಗಿದ್ದವು. ಗಂಗಾ ಬಯಲಿನಿಂದ ಅಸ್ಸಾಮಿನವರೆಗೆ ಮರದ ಮೇಲೆ ಗೂಡು ಕಟ್ಟುವುದು ಸಪೂರ ಕೊಕ್ಕಿನದು. ನಮ್ಮ ಕಡೆಯದು, ಮಧ್ಯ ಭಾರತದ್ದು, ಹೆಚ್ಚಾಗಿ ಬಂಡೆಗಳಲ್ಲಿ ಗೂಡು ಮಾಡುತ್ತದೆ. ಮಧ್ಯಪ್ರದೇಶದ ಓರ್ಛಾದಲ್ಲಂತೂ ರಾಜರ ಸಮಾಧಿ ಮಂಟಪಗಳ ಗೋಪುರದಲ್ಲೇ ಮರಿ ಮಾಡುತ್ತದೆ. ಡಿಎನ್‌ಎ ಕೂಡ ಇವೆರಡೂ ಬೇರೆ ಅಂತಲೇ ಹೇಳಿತು. ಹಾಗಾಗಿ ಅಸ್ಸಾಮಿನ ಸಪೂರ ಕೊಕ್ಕಿನ ಹದ್ದನ್ನು ತಂದು ರಾಮನಗರದಲ್ಲಿ ಬಿಡುವುದು ಖಂಡಿತ ತಪ್ಪು. ಆದರೆ ಓರ್ಛಾದ್ದೂ ರಾಮನಗರದ್ದೂ ಒಂದೇ ಜಾತಿ.

ಇನ್ನೊಂದು ಕಾರಣ ಸೂಕ್ಷ್ಮವಾದದ್ದು. ಮನೆಯಲ್ಲಿ ನವಧಾನ್ಯ ಬೆರೆಸಿಟ್ಟ ಡಬ್ಬ ಇದೆ ಅಂದುಕೊಳ್ಳಿ. ಅದರಿಂದ ಒಂದು ಚಿಟಿಕೆ ತೆಗೆದರೆ ಒಂದರಲ್ಲಿ ಹೆಸರು ಜಾಸ್ತಿ ಬರುತ್ತದೆ, ಉದ್ದು ಇರುವುದೇ ಇಲ್ಲ. ಇನ್ನೊಂದು ಚಿಟಿಕೆಯಲ್ಲಿ ಎಳ್ಳು ಜಾಸ್ತಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೇರೆಬೇರೆ ಡಬ್ಬದಿಂದ ಬಂದ ಹಾಗೆ ಕಾಣುತ್ತವೆ. ಬಂದದ್ದು ಒಂದೇ ಡಬ್ಬದಿಂದ. ಸಂಖ್ಯೆ ಕುಸಿದಾಗ ಪ್ರತಿ ಬೆಟ್ಟದಲ್ಲೂ ಉಳಿದ ಹದ್ದುಗಳು ಇಂಥ ಒಂದೊಂದು ಚಿಟಿಕೆ. ಡಿಎನ್‌ಎ ಹೋಲಿಸಿದರೆ 'ರಾಮನಗರದ ಗುಂಪು ವಿಶಿಷ್ಟ' ಅಂತ ಫಲಿತಾಂಶ ಬಂದೇ ಬರುತ್ತದೆ. ಅದನ್ನು ಓದಿ ಇದು ಸಾವಿರಾರು ವರ್ಷದ ಬೇರೆ ವಂಶ, ಯಾರ ಜೊತೆಯೂ ಬೆರೆಸಬಾರದು ಅಂತ ತೀರ್ಮಾನ ಮಾಡಿಬಿಟ್ಟರೆ, ರೋಗದ ಗುರುತನ್ನೇ ಕುಲದ ಗುರುತು ಅಂದುಕೊಂಡ ಹಾಗೆ. ಆ ವ್ಯತ್ಯಾಸ ಹುಟ್ಟಿದ್ದೇ ಕುಸಿತದಿಂದ.

ನಾನೇ ಇಂಥ ತಪ್ಪಿನ ಅಂಚಿಗೆ ಹೋಗಿ ಬಂದಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಬಂಡೆಯ ಕೆಳಗೆ ಬಿದ್ದ ಗರಿಗಳನ್ನು ಹೆಕ್ಕಿ ತಂದಿದ್ದೆವು. ಲ್ಯಾಬಿನಲ್ಲಿ ಅವುಗಳ ಫಲಿತಾಂಶ ಉಳಿದ ಜಾಗಗಳಿಗಿಂತ ಎದ್ದು ಕಾಣುವಷ್ಟು ಬೇರೆ ಬಂತು. ಬರೆದು ಕಳಿಸುವ ಹುಮ್ಮಸ್ಸು ಬಂದಿತ್ತು. ಆಮೇಲೆ ಒಂದೊಂದು ಗರಿಯ ಗುರುತನ್ನೂ ಬಿಡಿಸಿ ನೋಡಿದರೆ, ಹಲವು ಗರಿ ಒಂದೇ ಹದ್ದಿನವು, ಉಳಿದವು ಅದರ ಜೋಡಿ ಮತ್ತು ಮರಿಗಳದ್ದು. ನಾವು ಒಂದು ಸಮುದಾಯವನ್ನಲ್ಲ, ಒಂದು ಮನೆಯನ್ನು ಅಳೆದಿದ್ದೆವು. ಅಂದಿನಿಂದ ಯಾರಾದರೂ ಒಂದು ಗುಂಪು 'ಬೇರೆ' ಅಂದರೆ ನಾನು ಮೊದಲು ಕೇಳುವ ಪ್ರಶ್ನೆ, ಎಷ್ಟು ಗರಿ ಅಂತ ಅಲ್ಲ, ಎಷ್ಟು ಹಕ್ಕಿ ಅಂತ. ಅವುಗಳಲ್ಲಿ ಎಷ್ಟು ನೆಂಟರು ಅಂತ.

ಗರಿಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಹದ್ದನ್ನು ಹಿಡಿಯುವುದೇ ಬೇಡ. ಉದುರಿದ ದೊಡ್ಡ ರೆಕ್ಕೆಗರಿಯ ದಂಟನ್ನು ಬೆಳಕಿಗೆ ಹಿಡಿದು ನೋಡಿದರೆ, ದಂಟಿನ ಟೊಳ್ಳು ಮುಗಿದು ಗರಿಯ ಎಳೆಗಳು ಶುರುವಾಗುವ ಜಾಗದಲ್ಲಿ ಒಂದು ಸಣ್ಣ ತೂತಿರುತ್ತದೆ. ಬ್ಲೇಡಿನಿಂದ ಅಲ್ಲಿ ಸೀಳಿದರೆ ಸಾಸಿವೆಗಿಂತ ಸಣ್ಣ, ಕಂದುಬಣ್ಣದ ಒಂದು ಚುಕ್ಕೆ ಸಿಗುತ್ತದೆ. ಗರಿ ಬೆಳೆಯುವಾಗ ಅದಕ್ಕೆ ಹರಿದ ರಕ್ತ ಒಣಗಿ ಉಳಿದದ್ದು. ದಂಟಿನ ಬುಡಕ್ಕಿಂತ ಒಳ್ಳೆಯ ಡಿಎನ್‌ಎ ಅಲ್ಲಿ ಸಿಗುತ್ತದೆ. ಅದರಿಂದ ಇದು ಯಾವ ಹಕ್ಕಿ, ಗಂಡೋ ಹೆಣ್ಣೋ, ಯಾರಿಗೆ ಯಾರು ನೆಂಟರು ಅನ್ನುವುದೆಲ್ಲ ಗೊತ್ತಾಗುತ್ತದೆ. ರಣಹದ್ದಿನಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ, ಡಿಎನ್‌ಎ ಇಲ್ಲದೆ ಹೇಳುವುದು ಕಷ್ಟ. ಬಿಸಿಲು ಮಳೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಗರಿ ಕೆಲಸಕ್ಕೆ ಬರುವುದು ಕಡಿಮೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ, ಕಾಗದದ ಲಕೋಟೆ ಬೇಕು. ಆದರೆ ನೀವಾಗಿ ಹೆಕ್ಕಬೇಡಿ ದಯವಿಟ್ಟು. ಈ ಹಕ್ಕಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಗರಿ ಇಟ್ಟುಕೊಳ್ಳುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಬಿದ್ದ ಜಾಗದ ಫೋಟೊ ತೆಗೆದು ಅವರಿಗೆ ತಿಳಿಸಿ.

ಕುಸಿತಕ್ಕೆ ಮುಂಚೆ ಹೇಗಿತ್ತು ಅಂತ ತಿಳಿಯಲು ಒಂದೇ ದಾರಿ ಮ್ಯೂಸಿಯಮ್ಮಿನ ಹಳೆಯ ಚರ್ಮಗಳು. ಪಾದದ ಅಡಿಯ ಮೆತ್ತೆಯಿಂದ ಚೂರು ಕೆರೆದು ತೆಗೆದರೆ ನೂರು ವರ್ಷದ ಹಿಂದಿನ ಹದ್ದಿನ ಡಿಎನ್‌ಎ ಓದಬಹುದು. ಈಗಿನ ಚಿಟಿಕೆಯನ್ನು ಆಗಿನ ಡಬ್ಬದ ಜೊತೆ ಹೋಲಿಸಬೇಕು, ಈಗಿನ ಇನ್ನೊಂದು ಚಿಟಿಕೆಯ ಜೊತೆ ಮಾತ್ರ ಅಲ್ಲ.

ಸರಿ, ಏನು ಮಾಡಬಹುದು? ದಾರಿಗಳು ಇವೆ, ಪ್ರತಿಯೊಂದಕ್ಕೂ ಬೆಲೆ ಇದೆ.

ಹೊರಗಿನಿಂದ ತರುವುದು ತಾತ್ವಿಕವಾಗಿ ತಪ್ಪಲ್ಲ. 1995ರಲ್ಲಿ ಫ್ಲಾರಿಡಾದ ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕುಗಳು ಬಾಲ ಡೊಂಕಾಗಿ, ಹೃದಯದಲ್ಲಿ ತೂತಾಗಿ ಅಳಿಯುತ್ತಿದ್ದಾಗ ಟೆಕ್ಸಾಸಿನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು, ಸಂಖ್ಯೆಯೂ ಆರೋಗ್ಯವೂ ಚೇತರಿಸಿಕೊಂಡವು. ಬೆರಕೆಯಿಂದ ಹಾನಿ ಆಗುವುದು ಎರಡು ಗುಂಪು ತುಂಬಾ ಕಾಲದಿಂದ ದೂರವಾಗಿ, ಬೇರೆಬೇರೆ ವಾತಾವರಣಕ್ಕೆ ಒಗ್ಗಿಹೋಗಿದ್ದಾಗ. ನಮ್ಮ ಹದ್ದುಗಳು ಮೂವತ್ತು ನಲವತ್ತು ವರ್ಷದ ಹಿಂದಿನವರೆಗೂ ದೇಶದ ತುಂಬಾ ಹಬ್ಬಿ ಹಾರಾಡುತ್ತಿದ್ದಂಥವು. ಹಾಗಾಗಿ ಬೆರಕೆಯ ಭಯ ನನ್ನ ಮಟ್ಟಿಗೆ ಸಣ್ಣದು, ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕಾದ್ದು, ಅದನ್ನೇ ನೆಪ ಮಾಡಿ ಕೈಕಟ್ಟಿ ಕೂರುವಂಥದ್ದಲ್ಲ. ತುಂಬಾ ಹದ್ದೂ ಬೇಕಾಗಿಲ್ಲ. ಒಂದು ಪೀಳಿಗೆಗೆ ಒಂದೆರಡು ಹೊಸ ಹಕ್ಕಿ ಬಂದು ನಿಜವಾಗಿ ಮರಿ ಮಾಡಿದರೆ ಜೀನ್ ದೃಷ್ಟಿಯಿಂದ ದೊಡ್ಡ ವ್ಯತ್ಯಾಸ ಆಗುತ್ತದೆ.

ತೊಂದರೆ ಇರುವುದು ಬೇರೆ ಕಡೆ. ಮಧ್ಯಪ್ರದೇಶದ ಕಾಡಿನಿಂದ ದೊಡ್ಡ ಹದ್ದು ಹಿಡಿದು ತಂದರೆ ಅದು ಹಾರಿ ವಾಪಸ್ ಹೋಗುವ ಸಾಧ್ಯತೆಯೇ ಜಾಸ್ತಿ, ಹಿಡಿಯುವ ಗಾಬರಿಯಲ್ಲೇ ಸಾಯಲೂಬಹುದು. ಅಲ್ಲಿಯೂ ಅವು ಅಪಾಯದಲ್ಲೇ ಇವೆ, ಒಂದು ಮನೆಯ ದೀಪ ಆರಿಸಿ ಇನ್ನೊಂದರಲ್ಲಿ ಹಚ್ಚಿದ ಹಾಗಾಗಬಾರದು. ಪಿಂಜೋರಿನಂಥ ಕೇಂದ್ರಗಳಲ್ಲಿ ಹುಟ್ಟಿದ ಎಳೆಯ ಹದ್ದುಗಳು ವಾಸಿ. ಅವನ್ನು ಬೆಟ್ಟದ ಬಳಿಯೇ ದೊಡ್ಡ ಬಲೆಮನೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ಕಾಡಿನ ಹದ್ದುಗಳನ್ನು ನೋಡುತ್ತಾ ಒಗ್ಗಿದ ಮೇಲೆ ಬಾಗಿಲು ತೆಗೆಯಬೇಕು. ರೋಗದ ಪರೀಕ್ಷೆ, ನೆಂಟಸ್ತಿಕೆಯ ಪರೀಕ್ಷೆ, ಗಂಡು ಹೆಣ್ಣಿನ ಲೆಕ್ಕ ಮೊದಲೇ ಆಗಿರಬೇಕು. ಇಷ್ಟು ಮಾಡಿದರೂ ಅವು ತಿನ್ನುವ ಮೊದಲ ಹೆಣದಲ್ಲೇ ವಿಷ ಇದ್ದರೆ ಎಲ್ಲ ನೀರುಪಾಲು.

ಉಳಿದವನ್ನೆಲ್ಲ ಹಿಡಿದು ಕೇಂದ್ರಕ್ಕೆ ಸೇರಿಸಿಬಿಡೋಣ, ಕಾಂಡರ್ ಹಾಗೆ, ಅಂತಲೂ ಕೆಲವರು ಹೇಳುತ್ತಾರೆ. ಅದು ಕೊನೆಯ ಉಪಾಯ. ಯಾವ ಬಂಡೆಯಲ್ಲಿ ಗೂಡು ಸುರಕ್ಷಿತ, ಯಾವ ಹೊತ್ತಿಗೆ ಯಾವ ದಿಕ್ಕಿನ ಗಾಳಿ ಏರುತ್ತದೆ, ಎಲ್ಲಿ ಊಟ ಸಿಗುತ್ತದೆ ಅನ್ನುವ ತಿಳಿವಳಿಕೆ ಹಿರಿಯ ಹದ್ದಿನಿಂದ ಎಳೆಯದಕ್ಕೆ ನೋಡಿ ಕಲಿತು ಬರುತ್ತದೆ. ಬೆಟ್ಟ ಒಮ್ಮೆ ಖಾಲಿಯಾದರೆ ಆ ಕಲಿಕೆ ಕಡಿದುಹೋಗುತ್ತದೆ. ಇನ್ನೊಂದು ವಿಷಯ, ಕೂತ ಹದ್ದು ಹಾರುವ ಹದ್ದನ್ನು ಕರೆಯುತ್ತದೆ. ಬಂಡೆಯ ಮೇಲೆ ನಾಲ್ಕು ಕೂತಿದ್ದರೆ ಮೋಯಾರ್ ಕಡೆಯಿಂದ ಅಲೆಯುತ್ತಾ ಬಂದ ಎಳೆಯದೊಂದು ಇಳಿಯಬಹುದು. ಖಾಲಿ ಬಂಡೆಗೆ ಯಾರೂ ಇಳಿಯುವುದಿಲ್ಲ. ದುಡ್ಡಿಲ್ಲದೆ, ಬಲೆಯಿಲ್ಲದೆ ಹೊಸ ಜೀನ್ ಬರುವ ದಾರಿ ಇದೇ. ಅದನ್ನು ತೆರೆದಿಡಬೇಕಾದ್ದು ನಮ್ಮ ಮೊದಲ ಕೆಲಸ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅದು ತೆರೆದಿರಬೇಕಾದರೆ ದಾರಿಯುದ್ದಕ್ಕೂ ಊಟ ಸಿಗಬೇಕು, ಆ ಊಟ ವಿಷವಾಗಿರಬಾರದು. 2012ರಲ್ಲಿ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು, ತುಂಬಾ ಒಳ್ಳೆಯ ಕೆಲಸ, ಆದರೆ ಧಾಮದ ಬೇಲಿ ಹದ್ದಿಗೆ ಗೊತ್ತಿಲ್ಲ. ರಣಹದ್ದಿಗೆ ಸುರಕ್ಷಿತ ವಲಯ ಅಂದರೆ ಗೂಡಿನಿಂದ ಸುತ್ತಲೂ ನೂರು ಕಿಲೋಮೀಟರ್. ರಾಮನಗರದಿಂದ ಹಾಗೆ ಗೆರೆ ಎಳೆದರೆ ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರು, ಆ ಕಡೆ ತಮಿಳುನಾಡಿನ ಹೊಸೂರು ಎಲ್ಲ ಒಳಗೇ ಬರುತ್ತವೆ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರ ಹೆಸರಿನಲ್ಲಿ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುತ್ತಿದ್ದುದರಿಂದ 2015ರಲ್ಲಿ ಅದನ್ನು 3 ಮಿ.ಲೀ.ಗೆ ಇಳಿಸಿದರು. ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ಹದ್ದಿಗೆ ವಿಷವೇ, ದನಗಳಿಗೆ ಅವುಗಳ ಬಳಕೆಯನ್ನು 2023ರಲ್ಲಿ ನಿಷೇಧಿಸಿದರು. ಹದ್ದಿಗೆ ತೊಂದರೆ ಮಾಡದ ಮೆಲೋಕ್ಸಿಕಾಂ ಇದೆ, ಟಾಲ್‌ಫೆನಾಮಿಕ್ ಆಮ್ಲ ಇದೆ, ದನಕ್ಕೂ ಅವು ಕೆಲಸ ಮಾಡುತ್ತವೆ. ನಿಮಗೆ ಗೊತ್ತಿರುವ ಹೈನುಗಾರರು, ಕುರಿಗಾಹಿಗಳು, ಊರಿನ ಪಶುವೈದ್ಯರು ಯಾವ ಬಾಟಲಿ ಬಳಸುತ್ತಾರೆ ಅಂತ ಒಂದು ಸಲ ಕೇಳಿ ನೋಡಿ. ಜಗಳಕ್ಕಲ್ಲ, ಸುಮ್ನೆ ಮಾತಾಡಿಸುವ ಹಾಗೆ. ಹೆಚ್ಚಿನವರಿಗೆ ಹದ್ದು ಇದರಿಂದ ಸಾಯುತ್ತದೆ ಅಂತಲೇ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಬದಲಾಯಿಸಿದವರನ್ನು ನಾನು ನೋಡಿದ್ದೇನೆ.

ನಿಮ್ಮ ಹತ್ತು ಹನ್ನೆರಡು ವರ್ಷದ ಟಿಪ್ಪಣಿ ಪುಸ್ತಕ ಇದೆಯಲ್ಲ, ಅದು ನನಗೆ ಯಾವ ಯಂತ್ರಕ್ಕಿಂತ ಬೆಲೆಬಾಳುವಂಥದ್ದು. ಯಾವ ಬಂಡೆಯಲ್ಲಿ ಯಾವ ತಿಂಗಳು ಗೂಡು, ಯಾವ ವರ್ಷ ಮರಿ ಹಾರಿತು, ಎಷ್ಟು ದೊಡ್ಡವು, ಎಷ್ಟು ಎಳೆಯವು ಅಂತ ಬೇರೆ ಮಾಡಿ ಬರೆಯಿರಿ. ಎಳೆಯದರ ತಲೆ, ಕುತ್ತಿಗೆಯ ಮೇಲೆ ಬಿಳಿ ತುಪ್ಪಳ ಜಾಸ್ತಿ ಇರುತ್ತದೆ, ಕೊಕ್ಕು ಕಪ್ಪು. ಹಿಂದಿನ ನಾಲ್ಕೈದು ವರ್ಷ ಅಲ್ಲಿ ಮರಿಯೇ ಆಗಿಲ್ಲ, ಆದರೂ ಎಳೆಯದೊಂದು ಕಂಡಿತು ಅಂದರೆ ಅದು ಹೊರಗಿನಿಂದ ಬಂದದ್ದು! ಅಂಥ ಒಂದು ಫೋಟೊ ಸಿಕ್ಕರೆ ನಿಮ್ಮ ಗುಂಪಿನ 'ಒಂದೇ ಸಂಸಾರ' ಅನ್ನುವ ಮಾತಿಗೆ ಅದೇ ಉತ್ತರ. ರೆಕ್ಕೆಗೆ ಟ್ಯಾಗ್ ಇದ್ದರೆ ನಂಬರ್ ಕಾಣುವ ಹಾಗೆ ತೆಗೆಯಿರಿ.

ಮತ್ತೆ ಆ ಮೊಟ್ಟೆ. ಮುಂದಿನ ಸಲವೂ ಹಾಗೇ ಆದರೆ, ಜೋಡಿ ಕಾವಿಗೆ ಕೂತ ಮೊದಲ ದಿನ ಮತ್ತು ಗೂಡು ಬಿಟ್ಟು ಎದ್ದ ದಿನ ಬರೆದಿಟ್ಟುಕೊಂಡು, ಎದ್ದ ವಾರದಲ್ಲೇ ಅರಣ್ಯ ಇಲಾಖೆಗೆ ತಿಳಿಸಿ. ನೀವು ಹತ್ತಿರ ಹೋಗಬೇಡಿ. ಅವರು ಅನುಮತಿಯೊಂದಿಗೆ ಅದನ್ನು ಇಳಿಸಿ ಕೊಟ್ಟರೆ, ಒಳಗೆ ಭ್ರೂಣ ಶುರುವೇ ಆಗಿರಲಿಲ್ಲವೋ, ಶುರುವಾಗಿ ನಿಂತಿತೋ ಅಂತ ನಾವು ನೋಡಬಹುದು. ಭ್ರೂಣದ ಚೂರು ಸಿಕ್ಕರೆ ಅದರ ಅಪ್ಪ ಅಮ್ಮ ಎಷ್ಟು ಹತ್ತಿರದ ನೆಂಟರು ಅಂತಲೂ ಹೇಳಬಹುದು.